ಇಲ್ಲ, ಪಿಡಿಎಫ್ ಕಳಿಸಲ್ಲ

ನಾನು ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು. ಅದು ಗೊತ್ತಾದ ಕೂಡಲೇ ಜನ ಒಂದೇ ಪ್ರಶ್ನೆ ಕೇಳುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳಿದ್ದಾರೆ. ನಾನು ಬಾಯಿ ತೆರೆದು ಮಲಗಿದ್ದಾಗ ಹಲ್ಲಿನ ಡಾಕ್ಟರು ಕೇಳಿದ್ದಾರೆ. ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ: “ಮೇಡಂ, ಆ ಬ್ಯಾನ್ ಆದ ಪುಸ್ತಕ ನಿಮ್ಮ ಹತ್ರ ಇರುತ್ತೆ ಅಲ್ವಾ? ಪಿಡಿಎಫ್ ಇದ್ರೆ ಕಳಿಸಿ.”

ಯಾವ ಪುಸ್ತಕ ಅಂತ ತಿರುಗಿ ಕೇಳಿದರೆ ಎಷ್ಟೋ ಜನಕ್ಕೆ ಹೆಸರೇ ಗೊತ್ತಿರುವುದಿಲ್ಲ. “ಅದೇ, ಗಲಾಟೆ ಆಯ್ತಲ್ಲ, ಅದು.”

ಇನ್ನು ಮೇಲೆ ಬಾಯಲ್ಲಿ ಉತ್ತರ ಕೊಡುವುದಿಲ್ಲ. ಇಲ್ಲಿ ಬರೆದಿಡುತ್ತೇನೆ.

ಇಲ್ಲ. ನನ್ನ ಹತ್ರ ಪಿಡಿಎಫ್ ಇಲ್ಲ. ಇದ್ದರೂ ಕಳಿಸುವುದಿಲ್ಲ. ಹೆದರಿಕೆ ಅಂದುಕೊಳ್ಳಬೇಡಿ. ಹಾಗೆ ಬಂದ ಫೈಲು ನಿಮ್ಮ ಫೋನಿನಲ್ಲಿ ಎರಡು ದಿನ ಇರುತ್ತದೆ, ಇನ್ನು ಹತ್ತು ಜನಕ್ಕೆ ಹೋಗುತ್ತದೆ, ಒಬ್ಬರೂ ಮೂರನೇ ಪುಟ ದಾಟುವುದಿಲ್ಲ. ಇದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ.

ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ. ಓದಿದರೆ ಜೈಲಾ? ಇದಕ್ಕೆ ಮಾತ್ರ ಬೇಜಾರಿಲ್ಲದೆ ಉತ್ತರ ಕೊಡುತ್ತೇನೆ. ನಾವು ಬ್ಯಾನ್ ಅನ್ನುವುದಕ್ಕೆ ಕಾನೂನಿನಲ್ಲಿ ಇರುವ ಮಾತು ಮುಟ್ಟುಗೋಲು. ಮೊದಲು ಅದು ಸಿಆರ್‌ಪಿಸಿಯ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ, 95ನೇ ಸೆಕ್ಷನ್ ಆಗಿತ್ತು. 2024ರ ಜುಲೈನಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಸೆಕ್ಷನ್. ರಾಜ್ಯ ಸರ್ಕಾರ ಕಾರಣ ಬರೆದು ಒಂದು ಅಧಿಸೂಚನೆ ಹೊರಡಿಸಿತು ಅಂದರೆ ಆ ಪುಸ್ತಕದ ಒಂದೊಂದು ಪ್ರತಿಯೂ ಸರ್ಕಾರದ್ದಾಗುತ್ತದೆ. ನಿಮ್ಮ ಮನೆಯ ಕಪಾಟಿನಲ್ಲಿ, ನಿಮ್ಮ ದುಡ್ಡು ಕೊಟ್ಟು ತಂದಿಟ್ಟದ್ದೂ ಸೇರಿ. ದೇಶದ ಯಾವ ಮೂಲೆಯಲ್ಲಿ ಸಿಕ್ಕರೂ ಪೊಲೀಸರು ತೆಗೆದುಕೊಂಡು ಹೋಗಬಹುದು. ಆದರೆ ಓದಿದ್ದಕ್ಕೆ ಶಿಕ್ಷೆ ಅಂತ ಆ ಸೆಕ್ಷನ್ನಿನಲ್ಲಿ ಎಲ್ಲೂ ಇಲ್ಲ. ಹಾಗಂತ ಪ್ರತಿ ಮಾಡಿ ಹಂಚಿ ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಬೇರೆ ಸೆಕ್ಷನ್‌ಗಳಿವೆ. 2025ರ ಆಗಸ್ಟ್‌ನಲ್ಲಿ ಜಮ್ಮು-ಕಾಶ್ಮೀರದಲ್ಲಿ ಒಂದೇ ಆದೇಶದಲ್ಲಿ 25 ಪುಸ್ತಕ ಮುಟ್ಟುಗೋಲಾದವು. ಅದಾದ ಮೇಲೆ ಪೊಲೀಸರು ಪುಸ್ತಕದ ಅಂಗಡಿಗಳಿಗೆ ಹೋಗಿ ಹುಡುಕಿದರು. ಆ ವಾರ ನನಗೆ ಬಂದ ಫೋನುಗಳಿಗೆ ಲೆಕ್ಕ ಇಲ್ಲ. ಎಲ್ಲರದೂ ಅದೇ ಪಿಸುಮಾತು.

ನನಗೆ ಆಗದೇ ಇರುವುದು ಆ ಪಿಸುಮಾತು.

1919ರ ಏಪ್ರಿಲ್ 6ರ ಸಂಜೆ ಬೊಂಬಾಯಿಯಲ್ಲಿ ಏನಾಯಿತು ನೋಡಿ. ಗಾಂಧೀಜಿಯವರ ‘ಹಿಂದ್ ಸ್ವರಾಜ್’ ಅನ್ನು ಬೊಂಬಾಯಿ ಸರ್ಕಾರ 1910ರಲ್ಲೇ ನಿಷೇಧಿಸಿತ್ತು. ರೌಲತ್ ಕಾಯ್ದೆಯ ವಿರುದ್ಧ ಹರತಾಳ ನಡೆದ ಆ ದಿನ ಅವರು ಅದನ್ನು ಮತ್ತೆ ಅಚ್ಚು ಹಾಕಿಸಿ ಬೀದಿಗೆ ತಂದರು. ಕಾರಿನಲ್ಲಿ ಹೋಗಿ ತಾವೇ ಮಾರಿದರು. ಬೆಲೆ ನಾಲ್ಕಾಣೆ. ನಾಲ್ಕಾಣೆ ಮಾತ್ರ ಕೊಟ್ಟು ಕೊಂಡವರು ಕಡಿಮೆ. ಐದು, ಹತ್ತು ರೂಪಾಯಿ ನೋಟು ಕೊಟ್ಟರಂತೆ. ಒಂದು ಪ್ರತಿ ಐವತ್ತು ರೂಪಾಯಿಗೆ ಹೋಯಿತು ಅಂತ ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಇದನ್ನು ಕೊಂಡರೆ ಜೈಲಾಗಬಹುದು ಅಂತ ಕೊಳ್ಳುವವರಿಗೆ ಮೊದಲೇ ತಿಳಿಸಿಯೇ ಮಾರಿದ್ದು. ಆಮೇಲೆ ಸರ್ಕಾರ, ಇದು ಹೊಸ ಮುದ್ರಣ, ನಾವು ನಿಷೇಧಿಸಿದ್ದು ಇದನ್ನಲ್ಲ ಅಂದುಬಿಟ್ಟಿತು. ಯಾರನ್ನೂ ಹಿಡಿಯಲಿಲ್ಲ. ಜನಕ್ಕೆ ನಿರಾಸೆಯಾಯಿತು.

ಇದನ್ನು ಓದಿದಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ. ಪುಸ್ತಕಕ್ಕೆ ಹೆಸರಿತ್ತು, ಬೆಲೆ ಇತ್ತು, ಮಾರುವವನ ಮುಖ ಕಾಣುತ್ತಿತ್ತು. ಯಾರೂ ದನಿ ತಗ್ಗಿಸಲಿಲ್ಲ.

ಈಗ ನನ್ನ ಕಥೆ. 1997ರಲ್ಲಿ ನಮ್ಮ ರಾಜ್ಯ ಸರ್ಕಾರ ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಬಸವಣ್ಣನವರ ಅಕ್ಕ ನಾಗಲಾಂಬಿಕೆಯನ್ನು ಅದರಲ್ಲಿ ಚಿತ್ರಿಸಿದ ರೀತಿಗೆ ಆಕ್ಷೇಪ ಬಂದಿತ್ತು. ನಾನಾಗ ಬಯಲುಸೀಮೆಯ ಒಂದು ತಾಲೂಕು ಊರಿನ ಕಾಲೇಜಿನಲ್ಲಿದ್ದೆ. ನಮ್ಮಲ್ಲಿ ಒಂದು ಪ್ರತಿ ಇತ್ತು. ಅದನ್ನು ತೆಗೆದು ಮೇಲಿನವರಿಗೆ ಒಪ್ಪಿಸಲು ಹೇಳಿದರು. ಒಪ್ಪಿಸಿದೆ. ಲೈಬ್ರರಿಗೆ ಬಂದ ಪುಸ್ತಕಗಳನ್ನು ದಾಖಲಿಸುವ ಆಕ್ಸೆಷನ್ ರಿಜಿಸ್ಟರಿನಲ್ಲಿ ಅದರ ಸಾಲಿನ ಮೇಲೆ ಸ್ಕೇಲ್ ಇಟ್ಟು ಕೆಂಪು ಇಂಕಿನಲ್ಲಿ ಗೆರೆ ಎಳೆದೆ. ಕ್ಯಾಟಲಾಗ್ ಡ್ರಾಯರಿನಿಂದ ಕಾರ್ಡು ಕಿತ್ತೆ. ಐದು ನಿಮಿಷದ ಕೆಲಸ.

ಕೆಲವು ದಿನ ಬಿಟ್ಟು ಒಬ್ಬರು ನಿವೃತ್ತ ಮೇಷ್ಟ್ರು ಬಂದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬಟ್ಟೆ ಚೀಲ. ದಿನಾ ಪೇಪರ್ ಓದಲು ಬರುತ್ತಿದ್ದವರೇ. ಚೀಲದಿಂದ ಜೆರಾಕ್ಸ್ ಕಟ್ಟು ತೆಗೆದು ನನ್ನ ಮೇಜಿನ ಮೇಲಿಟ್ಟರು. ಫೈಲಿಗೆ ಹಾಕುವ ಟ್ಯಾಗ್‌ನಿಂದ ಪೋಣಿಸಿದ್ದರು. ಇಡೀ ಪುಸ್ತಕ ಅಲ್ಲ. ಗಲಾಟೆಯಾದ ಭಾಗ ಮಾತ್ರ. ಜೆರಾಕ್ಸ್ ಮಾಡಿದವರು ಪುಸ್ತಕವನ್ನು ಪೂರ್ತಿ ಬಿಡಿಸಿ ಒತ್ತಿರಲಿಲ್ಲ. ಬೈಂಡಿಂಗ್ ಕಡೆಯ ನೆರಳು ಕಪ್ಪಗೆ ಬಿದ್ದು ಎಡಗಡೆ ಪುಟಗಳಲ್ಲಿ ಸಾಲಿನ ಕೊನೆ, ಬಲಗಡೆ ಪುಟಗಳಲ್ಲಿ ಸಾಲಿನ ಶುರು ಹೋಗಿತ್ತು. ಒಂದು ಪುಟದಲ್ಲಿ ಯಾರದೋ ಹೆಬ್ಬೆರಳು ಮೂಡಿತ್ತು.

ಕನ್ನಡದಲ್ಲಿ ಸಾಲಿನ ಕೊನೆ ಹೋದರೆ ಕ್ರಿಯಾಪದದ ಬಾಲ ಹೋಗುತ್ತದೆ. ಹೇಳಿದನೋ, ಹೇಳಿದಳೋ, ಹೇಳಿದರೋ ಗೊತ್ತಾಗುವುದಿಲ್ಲ. ಮೇಷ್ಟ್ರು ಪೆನ್ಸಿಲ್‌ನಲ್ಲಿ ಒಂದೊಂದನ್ನೇ ತುಂಬಿದ್ದರು. ಅನುಮಾನ ಇದ್ದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಒಬ್ಬ ಹೆಣ್ಣುಮಗಳ ಮಾನದ ಬಗ್ಗೆ ಊರೆಲ್ಲ ಕೂಗಾಡುತ್ತಿದೆ, ಮಾತಾಡಿದವರು ಯಾರು ಅಂತಲೇ ಕಾಗದದಲ್ಲಿ ಕಾಣುತ್ತಿಲ್ಲ.

“ನಿಮ್ಮ ಪ್ರತಿ ನೋಡಿ ಈ ಅಕ್ಷರ ಹೇಳಿಬಿಡಮ್ಮಾ, ಸಾಕು” ಅಂದರು.

ಪ್ರತಿ ಇಲ್ಲ ಮೇಷ್ಟ್ರೇ, ಒಪ್ಪಿಸಿದ್ದಾಯ್ತು ಅಂದೆ.

“ಹೋಗಲಿ, ನೀನು ಓದಿದ್ದೀಯಲ್ಲ? ನಿನಗೆ ಏನನ್ನಿಸ್ತು?”

ನಾನು ಓದಿರಲಿಲ್ಲ. ಅದಕ್ಕೆ ಸೀಲ್ ಹೊಡೆದವಳು ನಾನು, ನಂಬರ್ ಬರೆದವಳು ನಾನು, ಗೆರೆ ಎಳೆದವಳೂ ನಾನೇ. ಓದಿರಲಿಲ್ಲ. ಅವರು ಬೈಯಲಿಲ್ಲ. ಕುರ್ಚಿಯಲ್ಲಿ ಕೂತು ಹೇಳಿದರು: “ನನಗೆ ಬಹಳ ನೋವಾಗಿದೆ ಕಣಮ್ಮಾ. ಅಕ್ಕನ ಬಗ್ಗೆ ಹೀಗೆ ಬರೀಬಾರದಿತ್ತು ಅನ್ಸುತ್ತೆ. ಜಗಳ ಆಡ್ಬೇಕು. ಯಾರ ಹತ್ರ ಆಡ್ಲಿ? ಬ್ಯಾನ್ ಮಾಡಿ ಅನ್ನೋರೂ ಓದಿಲ್ಲ, ಬ್ಯಾನ್ ಬೇಡ ಅನ್ನೋರೂ ಓದಿಲ್ಲ.” ಕಟ್ಟನ್ನು ನನ್ನ ಹತ್ರವೇ ಬಿಟ್ಟು ಹೋದರು.

ನನಗೆ ಯಾರಾದರೂ ಕೇಳಲಿ ಅಂತ ನಾನು ಇಷ್ಟು ವರ್ಷ ಕಾಯುತ್ತಿರುವ ಪ್ರಶ್ನೆ ಅದು. ನಿನಗೆ ಏನನ್ನಿಸ್ತು? ಪುಸ್ತಕ ಹೇಗೋ ಸಿಕ್ಕೇ ಸಿಗುತ್ತದೆ. ಆಗ ಜೆರಾಕ್ಸ್, ಈಗ ಪಿಡಿಎಫ್. ಸಿಗದೇ ಹೋಗುವುದು ಅದರ ಬಗ್ಗೆ ಮಾತಾಡುವ ಜಾಗ. ವಿಮರ್ಶೆ ಬರುವುದಿಲ್ಲ, ಕ್ಲಾಸಿನಲ್ಲಿ ಚರ್ಚೆ ನಡೆಯುವುದಿಲ್ಲ, ಓದಿದವನು ಓದಿದೆ ಅಂತ ಹೇಳುವುದಿಲ್ಲ. ಕದ್ದು ಓದಿದವನು ಒಬ್ಬನೇ ಓದುತ್ತಾನೆ. ಅದೂ ಗಲಾಟೆಯ ಪುಟ ಮಾತ್ರ. ಹಿಂದಿನ ಮುಂದಿನ ಪುಟಗಳನ್ನು ಯಾರೂ ಜೆರಾಕ್ಸ್ ಮಾಡುವುದಿಲ್ಲ.

ಇನ್ನೊಂದು ದಾರಿ ಇದೆ. ಅದರ ಬಗ್ಗೆ ನನ್ನನ್ನು ಒಬ್ಬರೂ ಕೇಳಿಲ್ಲ. ಮುಟ್ಟುಗೋಲು ಆದ ಎರಡು ತಿಂಗಳೊಳಗೆ ಆ ಪುಸ್ತಕದಲ್ಲಿ ಆಸಕ್ತಿ ಇರುವ ಯಾರೇ ಆಗಲಿ ಹೈಕೋರ್ಟಿಗೆ ಹೋಗಬಹುದು. ಬರೆದವರೇ ಆಗಬೇಕಿಲ್ಲ. ‘ಧರ್ಮಕಾರಣ’ದ ವಿಷಯದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದವರು ಬರಗೂರು ರಾಮಚಂದ್ರಪ್ಪ ಮತ್ತು ಇತರರು. 2007ರ ಮೇನಲ್ಲಿ ಸೋತರು. ನಿಷೇಧವನ್ನು ಕೋರ್ಟು ಎತ್ತಿಹಿಡಿಯಿತು. ಆದರೆ ಶಿವಾಜಿಯ ಬಗ್ಗೆ ಜೇಮ್ಸ್ ಲೇನ್ ಬರೆದ ಪುಸ್ತಕವನ್ನು ಮಹಾರಾಷ್ಟ್ರ ಸರ್ಕಾರ 2004ರಲ್ಲಿ ನಿಷೇಧಿಸಿದಾಗ, ಲೇಖಕರಲ್ಲದ ಕೆಲವರು ಹೀಗೇ ಹೋದರು. 2010ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಸಲ್ಮಾನ್ ರಶ್ದಿಯವರ ‘ದಿ ಸಟಾನಿಕ್ ವರ್ಸಸ್’ ಕಾದಂಬರಿಯನ್ನು ಹೊರದೇಶದಿಂದ ತರಿಸಬಾರದು ಅಂತ 1988ರ ಅಕ್ಟೋಬರ್‌ನಲ್ಲಿ ಕಸ್ಟಮ್ಸ್ ಆದೇಶ ಆಗಿತ್ತು. ಅದನ್ನು ತರಿಸಿಕೊಂಡು ಓದಬೇಕು ಅಂತಿದ್ದ ಒಬ್ಬ ಓದುಗರು 2019ರಲ್ಲಿ ದೆಹಲಿ ಹೈಕೋರ್ಟಿಗೆ ಹೋಗಿ ಆ ಆದೇಶವನ್ನು ಪ್ರಶ್ನಿಸಿದರು. ಆ ಕಾಗದ ತೋರಿಸಲು ಅಧಿಕಾರಿಗಳಿಗೆ ಆಗಲೇ ಇಲ್ಲ. 2024ರ ನವೆಂಬರ್‌ನಲ್ಲಿ ಕೋರ್ಟು, ಹಾಗಾದರೆ ಅಂಥ ಆದೇಶ ಇಲ್ಲ ಅಂತಲೇ ತಿಳಿಯಬೇಕಾಗುತ್ತದೆ ಅಂದಿತು. ಮುಂದಿನ ತಿಂಗಳೇ ಪುಸ್ತಕ ದೆಹಲಿಯ ಅಂಗಡಿಯಲ್ಲಿತ್ತು. 36 ವರ್ಷ ಎಲ್ಲರೂ ಪಿಸುಗುಟ್ಟಿದ್ದಾಯಿತು. ಒಬ್ಬರು ಜೋರಾಗಿ ಕೇಳಿದ್ದಕ್ಕೆ ಇಷ್ಟಾಯಿತು.

ಮೇಷ್ಟ್ರ ಕಟ್ಟನ್ನು ನಾನು ಅವತ್ತು ರಾತ್ರಿ ಓದಿದೆ, ಮಾರನೇ ದಿನ ಇನ್ನೊಂದು ಸಲ ಓದಿದೆ. ಮುಂದಿನ ವಾರ ಅವರು ಬಂದಾಗ ನನಗೆ ಅನ್ನಿಸಿದ್ದು ಹೇಳಿದೆ. ನನಗೆ ಅವರಷ್ಟು ನೋವಾಗಿರಲಿಲ್ಲ. ಮೂರು ಕಡೆ ಅವರು ತುಂಬಿದ್ದ ಅಕ್ಷರ ತಪ್ಪು ಅನ್ನಿಸಿತ್ತು, ಅದನ್ನೂ ಹೇಳಿದೆ. ಮೊದಲಿನ ಪುಟಗಳು ಇಲ್ಲದೆ ಏನೂ ತೀರ್ಮಾನ ಮಾಡಲಾಗದು ಅಂದೆ. ಅವರು ಒಪ್ಪಲಿಲ್ಲ. ನಾನೂ ಬಿಡಲಿಲ್ಲ. ಮಾತು ಜೋರಾಯಿತು. ‘ನಿಶ್ಶಬ್ದವಾಗಿರಿ’ ಬೋರ್ಡಿನ ಕೆಳಗೇ ಕೂತು ಮುಕ್ಕಾಲು ಗಂಟೆ ವಾದ ಮಾಡಿದೆವು. ಓದುತ್ತಿದ್ದ ಹುಡುಗರು ತಿರುಗಿ ತಿರುಗಿ ನೋಡುತ್ತಿದ್ದರು. ಕೊನೆಗೆ ನಮ್ಮ ಅಟೆಂಡರ್ ಹತ್ತಿರ ಬಂದ. ಸುಮ್ಮನಿರಿ ಅನ್ನುತ್ತಾನೆ ಅಂದುಕೊಂಡೆ.

“ಮೇಷ್ಟ್ರೇ, ಅಂಥದ್ದು ಏನಿದೆ ಅದರಲ್ಲಿ?” ಅಂದ.

ಮೇಷ್ಟ್ರು ಪಕ್ಕದ ಕುರ್ಚಿ ಎಳೆದು, “ಕೂತ್ಕೋ, ಮೊದಲಿನಿಂದ ಓದ್ತೀನಿ” ಅಂದರು.