ಯಾವಾಗ ತೆಗೀತೀಯ?

ಭಾನುವಾರದಿಂದ ಅಪ್ಪನ ಒಂದೇ ಮಾತು ಕಿವಿಯಲ್ಲಿ ಕೂತಿದೆ. "ಅಲ್ಲ ಕಣೋ, ಯಾವಾಗ ತೆಗೀತೀಯ?"

ಅಷ್ಟು ಹೊತ್ತಿಗೆ ನಲವತ್ತು ಚಿತ್ರ ತೆಗೆದಾಗಿತ್ತು.

ಅಪ್ಪ ಬಡಗಿ. ಕೆಲಸಕ್ಕೆ ಹೋಗುವುದು ನಿಲ್ಲಿಸಿ ವರ್ಷಗಳಾದವು, ಉಳಿ ಮಸೆಯುವುದು ಮಾತ್ರ ನಿಂತಿಲ್ಲ. ಹಿಂದಿನ ಸಣ್ಣ ಕೋಣೆಯಲ್ಲಿ ಕಲ್ಲಿಗೆ ನೀರು ಚಿಮುಕಿಸಿಕೊಂಡು ಮಸೆಯುತ್ತಾ ಕೂತಿರುತ್ತಾರೆ. ಎದುರು ಕೂತರೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟೇ ಜಾಗ. ಅದಕ್ಕೇ ತುಂಬಾ ಅಗಲಕ್ಕೆ ನೋಡುವ 15 ಎಂಎಂ ಲೆನ್ಸ್ ಹಾಕಿಕೊಂಡು ಹೋಗಿದ್ದೆ. ಇನ್ನೊಂದು ಕಾರಣವೂ ಇತ್ತು. ಕ್ಯಾಮೆರಾ ಕಣ್ಣಿಗೇರಿಸಿದರೆ ಸಾಕು, ಅಪ್ಪನ ಬೆನ್ನು ನೆಟ್ಟಗಾಗುತ್ತದೆ, ತುಟಿ ಬಿಗಿಯುತ್ತದೆ, ಕೈಯಲ್ಲಿದ್ದ ಉಳಿ ಪಕ್ಕಕ್ಕೆ ಹೋಗುತ್ತದೆ. ನನ್ನ ಬಳಿ ಅವರ ಚಿತ್ರಗಳು ಎಷ್ಟೋ ಇವೆ. ಒಂದರಲ್ಲೂ ಅಪ್ಪ ಇಲ್ಲ.

ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು ಎಫ್/8ಕ್ಕೆ ಇಟ್ಟೆ. ಫೋಕಸ್ ಉಂಗುರವನ್ನು ಒಂದು ಮೀಟರ್‌ಗಿಂತ ಕೂದಲೆಳೆಯಷ್ಟು ಹಿಂದೆ ನಿಲ್ಲಿಸಿದೆ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 15 ಎಂಎಂಗೆ ಎಫ್/8ರಲ್ಲಿ ಹೈಪರ್‌ಫೋಕಲ್ ದೂರ ಸುಮಾರು 95 ಸೆಂಟಿಮೀಟರ್. ಅಲ್ಲಿಗೆ ಫೋಕಸ್ ಇಟ್ಟರೆ ಅದರ ಅರ್ಧದಿಂದ, ಅಂದರೆ 48 ಸೆಂಟಿಮೀಟರ್‌ನಿಂದ ಅನಂತದವರೆಗೆ ಎಲ್ಲವೂ ಸ್ಪಷ್ಟ. ಅಪ್ಪನ ಲೆಕ್ಕದಲ್ಲಿ ಹೇಳುವುದಾದರೆ ಒಂದು ಮೊಳದಿಂದ ಆಕಾಶದವರೆಗೆ. 50 ಎಂಎಂ ಲೆನ್ಸ್ ಆಗಿದ್ದರೆ ಇದೇ ಎಫ್/8ರಲ್ಲಿ ಹತ್ತು ಮೀಟರ್ ದಾಟಿದ ಜಾಗಕ್ಕೆ ಫೋಕಸ್ ಇಡಬೇಕಾಗುತ್ತಿತ್ತು. ಫೋಕಲ್ ಲೆಂತ್‌ನ, ಅಂದರೆ ಆ 15, 50 ಎಂಎಂಗಳ ವರ್ಗ ಈ ಲೆಕ್ಕದೊಳಗೆ ಬರುವುದರಿಂದ ಲೆನ್ಸ್ ಅಗಲವಾದಂತೆಲ್ಲ ಆ ದೂರ ಸರಸರನೆ ಇಳಿಯುತ್ತದೆ.

ಆಮೇಲೆ ಕ್ಯಾಮೆರಾವನ್ನು ಎದೆಯ ಹತ್ತಿರ ಹಿಡಿದು ಮಾತಿಗೆ ಕೂತೆ. ಯಾವುದೋ ಹಳೆಯ ಬಾಗಿಲಿನ ಚೌಕಟ್ಟಿನ ಕಥೆ ಬಂತು. ಅಪ್ಪ ನಕ್ಕರು, ಉಳಿಯ ಬಾಯಿಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು, ಹೆಬ್ಬೆರಳ ಮೇಲೆ ಅಡ್ಡಡ್ಡ ಸವರಿ ಮೊನೆ ಪರೀಕ್ಷಿಸಿದರು. ನಾನು ಒತ್ತುತ್ತಲೇ ಇದ್ದೆ. ಆಗಲೇ ಕೇಳಿದ್ದು, ಯಾವಾಗ ತೆಗೀತೀಯ ಅಂತ.

"ಆಗ್ಲೇ ತೆಗೆದೆನಲ್ಲಪ್ಪ."

"ಹೌದಾ? ನೀನು ನನ್ನ ಮುಖಾನೇ ನೋಡ್ತಿದ್ದೆ?"

ಈ ಎರಡನೆಯ ಮಾತು ಮೊದಲನೆಯದಕ್ಕಿಂತ ಆಳಕ್ಕೆ ಇಳಿದಿದೆ. ಇಷ್ಟು ವರ್ಷ ಅಪ್ಪನ ಮುಂದೆ ಕ್ಯಾಮೆರಾ ಹಿಡಿದಾಗಲೆಲ್ಲ ನಾನು ನೋಡುತ್ತಿದ್ದದ್ದು ಫೋಕಸ್ ಎಲ್ಲಿದೆ ಎಂದು ತೋರಿಸುವ, ಪರದೆಯ ಮೇಲಿನ ಹಸಿರು ಚೌಕವನ್ನು. ಅದು ಅವರ ಕಣ್ಣಿನ ಮೇಲೆ ಕೂತಿದೆಯೋ, ಕನ್ನಡಕದ ಅಂಚಿಗೆ ಜಾರಿದೆಯೋ ಎಂಬುದೊಂದೇ ಚಿಂತೆ. ಅಪ್ಪ ಅದನ್ನು ಗಮನಿಸಿದ್ದರು. ಹೇಳಿರಲಿಲ್ಲ ಅಷ್ಟೆ.

ಹೀಗೆ ಮೊದಲೇ ಒಂದು ದೂರಕ್ಕೆ ಫೋಕಸ್ ಇಟ್ಟು ತೆಗೆಯುವುದಕ್ಕೆ ಝೋನ್ ಫೋಕಸ್ ಅನ್ನುತ್ತಾರೆ. ಅದು ಹಳೇ ಕಾಲದ್ದು ಅನ್ನುತ್ತಾನೆ ನನ್ನ ಗೆಳೆಯನೊಬ್ಬ. ಕಣ್ಣನ್ನು ತಾನೇ ಹುಡುಕಿ ಹಿಡಿಯುವ ಆಟೋಫೋಕಸ್ ಇರುವಾಗ ದೂರ ಅಂದಾಜು ಮಾಡುತ್ತಾ ಕೂರುವುದೇಕೆ ಎಂಬುದು ಅವನ ವಾದ. ತಾಂತ್ರಿಕವಾಗಿ ಅವನ ಮಾತು ಸರಿ. ತುಂಬಾ ಒಳ್ಳೆಯವನು, ಕೇಳಿದ ಲೆನ್ಸನ್ನು ಕೈಗಿಟ್ಟು ಕಳಿಸುತ್ತಾನೆ. ಆದರೆ ಅವನು ತೆಗೆದ ಮುಖಗಳಲ್ಲಿ ಬಹುಪಾಲು ಕ್ಯಾಮೆರಾ ಕಂಡ ಮುಖಗಳು. ಹೊಸ ಲೆನ್ಸುಗಳ ಬಗ್ಗೆ ನನಗಿರುವ ಬೇಸರವೂ ಇದೇ. ಎಷ್ಟೋ ಲೆನ್ಸುಗಳ ಮೇಲೆ ದೂರದ ಗುರುತೇ ಇರುವುದಿಲ್ಲ, ಉಂಗುರ ಕೊನೆಯಿಲ್ಲದೆ ತಿರುಗುತ್ತಲೇ ಇರುತ್ತದೆ. ಬೆರಳಿಗೆ ಒಂದು ಮೀಟರ್ ಎಲ್ಲಿದೆ ಎಂದು ತಿಳಿಯುವುದು ಹೇಗೆ?

ರಾತ್ರಿ ಚಿತ್ರಗಳನ್ನು ತೆರೆದೆ. ಮುಖ ಚೆನ್ನಾಗಿ ಬಂದಿತ್ತು, ಹಿಂದಿನ ಕಿಟಕಿಯ ಚಿಲಕದ ಮೊಳೆಯೂ ಎಣಿಸುವಂತಿತ್ತು. ಕೈಗಳು ಮಾತ್ರ ಮಸುಕು. ಉಳಿಯ ಬಾಯಿ, ಹೆಬ್ಬೆರಳು, ಉಗುರಿನ ಸಂದಿಯಲ್ಲಿ ನಿಂತ ಕಲ್ಲಿನ ಕೆಸರು, ಯಾವುದು ನನಗೆ ಎಲ್ಲಕ್ಕಿಂತ ಬೇಕಾಗಿತ್ತೋ ಅದೇ ಇರಲಿಲ್ಲ. ಹೊಟ್ಟೆ ಕಿವುಚಿದಂತಾಯಿತು. ಆ ಕೈಗಳು ಲೆನ್ಸಿನಿಂದ ಅರ್ಧ ಮೀಟರ್ ದೂರದಲ್ಲಿದ್ದವು. ಲೆಕ್ಕದ ಪ್ರಕಾರ ಒಳಗೇ ಬರಬೇಕಿತ್ತು.

ಕಾರಣ ಸಿಕ್ಕಿದ್ದು ಮಂಗಳವಾರ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಅಡಾಪ್ಟರ್, ಅಂದರೆ ಎರಡನ್ನೂ ಜೋಡಿಸುವ ಉಂಗುರ ಇದೆ. 15 ಎಂಎಂ ಲೆನ್ಸು ಅನಂತದಿಂದ 95 ಸೆಂಟಿಮೀಟರ್‌ಗೆ ಬರಲು ಮುಂದೆ ಸರಿಯುವುದು ಕಾಲು ಮಿಲಿಮೀಟರ್‌ಗಿಂತಲೂ ಕಡಿಮೆ. ಅಡಾಪ್ಟರ್ ಇರಬೇಕಾದ ದಪ್ಪಕ್ಕಿಂತ ಬರೀ 0.1 ಮಿಲಿಮೀಟರ್, ಅಂದರೆ ಒಂದು ಹಾಳೆಯಷ್ಟು ಕಡಿಮೆ ಇದ್ದರೂ ಫೋಕಸ್ ಉಂಗುರ 95 ಸೆಂಟಿಮೀಟರ್ ಎಂದು ತೋರಿಸುವಾಗ ನಿಜವಾದ ಫೋಕಸ್ 1.6 ಮೀಟರ್‌ನಲ್ಲಿ ಇರುತ್ತದೆ. ಆಗ ಹತ್ತಿರದ ಗಡಿ 48ರಿಂದ 60 ಸೆಂಟಿಮೀಟರ್‌ಗೆ ಹೋಗುತ್ತದೆ. ಅಪ್ಪನ ಕೈಗಳು ಗಡಿಯ ಈಚೆಗೆ ಉಳಿದದ್ದು ಹೀಗೆ.

ಅಡಾಪ್ಟರನ್ನು ದೂರಿ ಸುಮ್ಮನಾಗಬಹುದಿತ್ತು. ಆದರೆ ನನ್ನ ತಪ್ಪೂ ಇತ್ತು. ಎಲ್ಲಿಂದ ಎಲ್ಲಿಯವರೆಗೆ ಸ್ಪಷ್ಟ ಎಂದು ತೋರಿಸುವ, ಲೆನ್ಸಿನ ಮೇಲಿನ ಡೆಪ್ತ್ ಆಫ್ ಫೀಲ್ಡ್ ಗೆರೆಗಳ ಆಚೀಚೆ ಗೋಡೆ ಎದ್ದಿರುವುದಿಲ್ಲ. ನಿಜಕ್ಕೂ ಸ್ಪಷ್ಟವಾಗಿರುವುದು ಒಂದೇ ತಲ, ಮಿಕ್ಕದ್ದೆಲ್ಲ ಮೆಲ್ಲಗೆ ಕರಗುತ್ತಾ ಹೋಗುತ್ತದೆ. ಎಲ್ಲಿಯವರೆಗೆ ಕಣ್ಣು ಒಪ್ಪುತ್ತದೆ ಎಂಬುದಕ್ಕೆ ಹಿಡಿದ, ಸೆನ್ಸರ್ ಮೇಲೆ ಒಂದು ಬಿಂದು ಹರಡಿ ಆಗುವ 0.03 ಮಿಲಿಮೀಟರ್ ಮಚ್ಚೆಯ ಅಳತೆ, ಕೈಯಲ್ಲಿ ಹಿಡಿದು ನೋಡುವ ಸಾಧಾರಣ ಗಾತ್ರದ ಪ್ರಿಂಟಿನದು. ನಾನು ನೋಡಿದ್ದು ಪರದೆಯ ಮೇಲೆ ನೂರಕ್ಕೆ ನೂರು ಹಿಗ್ಗಿಸಿ. ಅದಕ್ಕಿಂತ ಮುಖ್ಯವಾಗಿ, ನಾಲ್ಕು ಗೋಡೆಯ ಕೋಣೆಯೊಳಗೆ ನನಗೆ ಅನಂತ ಏಕೆ ಬೇಕಿತ್ತು? ಫೋಕಸ್ಸನ್ನು 70 ಸೆಂಟಿಮೀಟರ್‌ಗೆ ಇಟ್ಟಿದ್ದರೆ 40 ಸೆಂಟಿಮೀಟರ್‌ನಿಂದ ಎರಡೂವರೆ ಮೀಟರ್‌ವರೆಗೆ ಸಿಗುತ್ತಿತ್ತು. ಕೈ, ಮುಖ, ಕಿಟಕಿ ಮೂರೂ ಅದರೊಳಗೇ. ಯಾರೂ ಇಲ್ಲದ ದೂರಕ್ಕೆ ಹಂಚಿದ ಸ್ಪಷ್ಟತೆಯನ್ನು ನಾನು ಅಪ್ಪನ ಕೈಗಳಿಂದ ಕಿತ್ತುಕೊಂಡಿದ್ದೆ.

ನಿನ್ನೆ ಸಂಜೆ ಮೇಜಿನ ಮೇಲೆ ಕ್ಯಾಮೆರಾ ಇಟ್ಟು, ಎದುರಿಗೆ ಅಕ್ಷರ ತುಂಬಿದ ಹಾಳೆ ನಿಲ್ಲಿಸಿ, ಕ್ಯಾಮೆರಾ ಪರದೆಯ ಲೈವ್ ವ್ಯೂ ಹಿಗ್ಗಿಸಿ ನಿಜವಾದ 70 ಸೆಂಟಿಮೀಟರ್ ಎಲ್ಲಿದೆ ಎಂದು ಹುಡುಕತೊಡಗಿದೆ. ಇಷ್ಟು ಅಗಲದ ಲೆನ್ಸಿನಲ್ಲಿ ಎಲ್ಲವೂ ಚಿಕ್ಕದಾಗಿ ಕಾಣುವುದರಿಂದ ಬರಿಗಣ್ಣಿನ ಅಂದಾಜು ಕೈಕೊಡುತ್ತದೆ, ಹಿಗ್ಗಿಸಲೇಬೇಕು. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಒಳಗೆ ಬಂದರು. ನಾನು ಹಿಡಿದಿದ್ದ ಟೇಪಿನ ತುದಿಯನ್ನು ಬಿಡಿಸಿದರು.

"ಕೊನೆಯಿಂದ ಅಳೀಬೇಡ, ಕೊಕ್ಕೆ ಅಲ್ಲಾಡುತ್ತೆ. ಹತ್ತರಿಂದ ಹಿಡಿ, ಎಂಬತ್ತಕ್ಕೆ ನಿಲ್ಲಿಸು."

ಹತ್ತರ ಗೆರೆಯನ್ನು ತಾವೇ ಹೆಬ್ಬೆರಳಿಂದ ಒತ್ತಿ ಹಿಡಿದುಕೊಂಡರು. ನಾನು ಎಂಬತ್ತಕ್ಕೆ ಹಾಳೆ ಸರಿಸಿ, ಉಂಗುರ ತಿರುಗಿಸಿ, ಅಕ್ಷರ ಕಡಿದಂತೆ ನಿಂತ ಕಡೆ ಬಿಳಿ ಟೇಪಿನ ತುಂಡು ಅಂಟಿಸಿದೆ. ಅವರ ಉಗುರಿನ ಸಂದಿಯಲ್ಲಿ ಕಲ್ಲಿನ ಕೆಸರು ಇನ್ನೂ ಒಣಗಿರಲಿಲ್ಲ.