ಹೊಸ ಕ್ಲಚ್ ಪ್ಲೇಟ್ ಹಾಕಿದ ಮೇಲೂ ಗಾಡಿ ನಡುಗಿದರೆ

ವಾಹನಗಳ ಕಂಪನ ಅಳೆಯುವುದು ನನ್ನ ಕೆಲಸ. ಸೀಟಿನ ಬುಡಕ್ಕೆ, ಗೇರ್‌ಬಾಕ್ಸ್ ಮೇಲೆ ಸೆನ್ಸರ್ ಅಂಟಿಸಿ ನಡುಕ ಎಲ್ಲಿಂದ ಹುಟ್ಟುತ್ತಿದೆ ಎಂದು ಹುಡುಕುತ್ತೇನೆ. ನನ್ನ ಮೇಜಿಗೆ ಬರುವ ದೂರುಗಳಲ್ಲಿ ಅತಿ ಹೆಚ್ಚು ತಲೆ ತಿನ್ನುವುದು ಇದು: "ಮೊದಲ ಗೇರಿನಲ್ಲಿ ಕ್ಲಚ್ ಬಿಡುವಾಗ ಗಾಡಿ ಗಡಗಡ ಅನ್ನುತ್ತೆ. ಪ್ಲೇಟ್ ಬದಲಾಯಿಸಿದ್ದಾಯ್ತು. ಸ್ವಲ್ಪ ದಿನ ಸರಿಯಿತ್ತು, ಈಗ ಮತ್ತೆ ಶುರು."

ನಡುಕ ಎಂದರೆ ಪ್ಲೇಟ್ ಸವೆದಿದೆ ಎಂದೇ ಅಂದುಕೊಳ್ಳುತ್ತಾರೆ. ಎಂಜಿನ್ ಜೊತೆ ತಿರುಗುವ ಫ್ಲೈವೀಲಿಗೂ ಅದರತ್ತ ಒತ್ತುವ ಪ್ರೆಶರ್ ಪ್ಲೇಟಿಗೂ ನಡುವೆ ಸಿಕ್ಕಿ, ತಿರುವನ್ನು ಗೇರ್‌ಬಾಕ್ಸಿಗೆ ದಾಟಿಸುವ ತಟ್ಟೆಯೇ ಈ ಪ್ಲೇಟ್; ಅದರ ಎರಡೂ ಮುಖದ ಘರ್ಷಣೆಯ ಪದರವೇ ಲೈನಿಂಗ್. ಆದರೆ ಲೈನಿಂಗ್ ಹಿಡಿದಿರುವ ರಿವೆಟ್ ಮುಟ್ಟುವಷ್ಟು ಸವೆದ ಪ್ಲೇಟ್ ಕೂಡ ಒಂದಿಷ್ಟೂ ನಡುಗದೆ ಹಿಡಿಯಬಲ್ಲದು. ಅದು ಜಾರುತ್ತೆ, ವಾಸನೆ ಬರುತ್ತೆ, ಏರಿನಲ್ಲಿ ಗಾಡಿ ಎಳೆಯುವುದಿಲ್ಲ. ಆದರೆ ನಡುಗಬೇಕೆಂದೇನೂ ಇಲ್ಲ. ಹಿಡಿತ ಎಷ್ಟಿದೆ ಎಂಬುದಕ್ಕಿಂತ, ಜಾರುವಷ್ಟು ಹೊತ್ತು ಅದು ಹೇಗೆ ಏರಿಳಿಯುತ್ತದೆ ಎಂಬುದೇ ಇಲ್ಲಿ ಮುಖ್ಯ.

ಕ್ಲಚ್ ಅರ್ಧ ಹಿಡಿದಿರುವಾಗ ಪ್ಲೇಟು, ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟು, ಗೇರುಗಳು, ಚಕ್ರಕ್ಕೆ ಹೋಗುವ ಶಾಫ್ಟುಗಳು ಎಲ್ಲ ಸೇರಿ ತಿರುಚಿಕೊಳ್ಳುವ ಒಂದು ಸ್ಪ್ರಿಂಗಿನಂತೆ ವರ್ತಿಸುತ್ತವೆ. ಕಾರುಗಳಲ್ಲಿ ಇದರ ಸಹಜ ಕಂಪನ ಸಾಮಾನ್ಯವಾಗಿ 10 ಹರ್ಟ್ಜ್ (ಸೆಕೆಂಡಿಗೆ 10 ಸಲ) ಆಸುಪಾಸು. ಈ ಕಂಪನಕ್ಕೆ ಯಾರಾದರೂ ಶಕ್ತಿ ತುಂಬಬೇಕು. ತುಂಬುವವರು ಇಬ್ಬರು.

ಒಬ್ಬ ಘರ್ಷಣೆಯೇ. ಒಳ್ಳೆಯ ಲೈನಿಂಗಿನಲ್ಲಿ ಜಾರುವ ವೇಗ ಹೆಚ್ಚಾದರೆ ಘರ್ಷಣೆ ಅಷ್ಟೇ ಇರುತ್ತೆ, ಇಲ್ಲವೇ ತುಸು ಏರುತ್ತೆ. ಲೈನಿಂಗ್ ಸುಟ್ಟು ಗಾಜಿನಂತೆ ಹೊಳಪಾದಾಗ, ಅಥವಾ ಕ್ರ್ಯಾಂಕ್ ಸೀಲ್ ಸೋರಿ ಎಣ್ಣೆ ಹತ್ತಿದಾಗ ಇದು ತಿರುಗುಮುರುಗಾಗಬಹುದು: ವೇಗವಾಗಿ ಜಾರಿದಷ್ಟೂ ಹಿಡಿತ ಕಡಿಮೆ. ಆಗ ಪ್ಲೇಟ್ ಒಂದು ಕ್ಷಣ ಮುಂದಕ್ಕೆ ಓಡಿದರೆ ಜಾರುವಿಕೆ ಕಡಿಮೆಯಾಗಿ ಹಿಡಿತ ಏರುತ್ತೆ, ಪ್ಲೇಟನ್ನು ಇನ್ನಷ್ಟು ಮುಂದಕ್ಕೆ ತಳ್ಳುತ್ತೆ. ಹಿಂದೆ ಬಿದ್ದರೆ ಹಿಡಿತ ಇಳಿದು ಇನ್ನಷ್ಟು ಹಿಂದೆ ಬೀಳಿಸುತ್ತೆ. ಕಂಪನವನ್ನು ತಣಿಸಬೇಕಾದ ಘರ್ಷಣೆಯೇ ಅದನ್ನು ಸಾಕುತ್ತದೆ. ಕರಿಹಲಗೆಯ ಮೇಲೆ ಸೀಮೆಸುಣ್ಣ ಕಿರ್ರೆನ್ನುವುದೂ ಇದೇ ಲೆಕ್ಕ.

ಇನ್ನೊಬ್ಬ ಆಕಾರದ ದೋಷ. ಫ್ಲೈವೀಲಿನ ಮುಖ ತಿರುಗುವಾಗ ಓಲಾಡುತ್ತಿರಬಹುದು, ಪ್ರೆಶರ್ ಪ್ಲೇಟಿನ ಬೆರಳುಗಳು (ಕ್ಲಚ್ ಒತ್ತಿದಾಗ ಅದನ್ನು ಬಿಡಿಸುವ ಸ್ಪ್ರಿಂಗ್ ತುದಿಗಳು) ಒಂದೇ ಮಟ್ಟದಲ್ಲಿ ಇಲ್ಲದಿರಬಹುದು, ಗೇರ್‌ಬಾಕ್ಸ್ ಕೂರಿಸುವಾಗ ಅದರ ಭಾರವನ್ನೆಲ್ಲ ಪ್ಲೇಟಿನ ಮೇಲೆ ನೇತುಬಿಟ್ಟು ಪ್ಲೇಟ್ ಬಾಗಿರಬಹುದು (ಇದು ಎಷ್ಟು ಸಲ ನಡೆಯುತ್ತೆಂದು ಯಾರೂ ಬಾಯಿ ಬಿಡುವುದಿಲ್ಲ). ದೋಷ ಎಂಜಿನ್ ಕಡೆಯೂ ಗೇರ್‌ಬಾಕ್ಸ್ ಕಡೆಯೂ ಇದ್ದರೆ ಎಂಜಿನ್ ವೇಗಕ್ಕೂ ಇನ್‌ಪುಟ್ ಶಾಫ್ಟಿನ ವೇಗಕ್ಕೂ ಇರುವ ವ್ಯತ್ಯಾಸದ ಲಯದಲ್ಲಿ ಹಿಡಿತ ಏರಿಳಿಯುತ್ತೆ. ಎಂಜಿನ್ 900 ಆರ್‌ಪಿಎಮ್‌ನಲ್ಲಿದ್ದು (ನಿಮಿಷಕ್ಕೆ 900 ಸುತ್ತು) ಗಾಡಿ ನಿಂತಲ್ಲಿಂದ ಹೊರಟರೆ ಈ ವ್ಯತ್ಯಾಸ 900ರಿಂದ ಸೊನ್ನೆಗೆ ಇಳಿಯಬೇಕು. ದಾರಿಯಲ್ಲಿ 600 ದಾಟಲೇಬೇಕು. 600 ಎಂದರೆ ಸೆಕೆಂಡಿಗೆ ಸರಿಯಾಗಿ 10 ಸುತ್ತು. ಗಾಡಿ ನಡುವೆ ಒಮ್ಮೆ ಜೋರಾಗಿ ಅದುರಿ ತಾನೇ ಸುಮ್ಮನಾದರೆ ನನ್ನ ಅನುಮಾನ ಮೊದಲು ಇಲ್ಲಿಗೇ ಹೋಗುತ್ತೆ.

ಇಬ್ಬರನ್ನೂ ಬೇರ್ಪಡಿಸಲು ಹಾಫ್ ಕ್ಲಚ್‌ನಲ್ಲಿ ಎಂಜಿನ್ ವೇಗವನ್ನು ಸ್ವಲ್ಪ ಏರಿಸಿ ನೋಡುತ್ತೇನೆ. ನಡುಕದ ಲಯವೂ ಜೊತೆಗೇ ಏರಿದರೆ ಆಕಾರದ ದೋಷ. ಏರದೆ ಅಲ್ಲೇ ನಿಂತರೆ ಘರ್ಷಣೆ. 10 ಹರ್ಟ್ಜ್ ಹಿಡಿಯಲು ಫೋನಿನೊಳಗಿನ ಆಕ್ಸೆಲೆರೋಮೀಟರ್ ಸಾಕು. ಪರೀಕ್ಷೆ ಚುಟುಕಾಗಿರಲಿ, ಎಳೆದಷ್ಟೂ ಕ್ಲಚ್ ಬಿಸಿಯಾಗುತ್ತದೆ.

ಹಾಗಾದರೆ ಸವೆತದ ಪಾತ್ರ? ಅದು ಸುತ್ತು ಬಳಸಿ ಬರುತ್ತೆ. ಎರಡು ಲೈನಿಂಗುಗಳ ನಡುವೆ ಅಲೆಯಂತೆ ಬಾಗಿದ ತೆಳು ಉಕ್ಕಿನ ಕುಶನ್ ಸ್ಪ್ರಿಂಗ್ ಇರುತ್ತದೆ. ಸಣ್ಣಪುಟ್ಟ ಓರೆಕೋರೆಯನ್ನೆಲ್ಲ ನುಂಗಿಕೊಳ್ಳುವುದು ಅದೇ. ಶಾಖ ತಿಂದು ತಿಂದು ಅದು ಚಪ್ಪಟೆಯಾದ ಮೇಲೆ, ಮೊದಲು ಗೊತ್ತೇ ಆಗದಿದ್ದ ಫ್ಲೈವೀಲಿನ ದೋಷ ಸೀಟಿನವರೆಗೆ ಬರುತ್ತೆ. ಹೊಸ ಪ್ಲೇಟಿನ ಹೊಸ ಕುಶನ್ ಅದನ್ನು ಕೆಲ ಕಾಲ ಮುಚ್ಚಿಡುತ್ತೆ. "ಸ್ವಲ್ಪ ದಿನ ಸರಿಯಿತ್ತು" ಎಂಬ ಮಾತು ಬರುವುದು ಹೆಚ್ಚಾಗಿ ಹೀಗೆ.

ಶಾಖದ್ದು ಇನ್ನೊಂದು ಕಿತಾಪತಿ. ಲೋಹದ ಮುಖದಲ್ಲಿ ತುಸು ಉಬ್ಬಿದ ಜಾಗಕ್ಕೆ ಹೆಚ್ಚು ಒತ್ತಡ, ಅದರಿಂದ ಹೆಚ್ಚು ಶಾಖ, ಅದರಿಂದ ಇನ್ನಷ್ಟು ಉಬ್ಬು. ಜಾರುವ ವೇಗ ಒಂದು ಮಿತಿ ಮೀರಿದರೆ ಈ ಸರಪಳಿ ಕೈ ತಪ್ಪುತ್ತದೆ ಎಂಬುದನ್ನು ಸಂಶೋಧಕ ಜೆ. ಆರ್. ಬಾರ್ಬರ್ 1969ರಲ್ಲೇ ವಿವರಿಸಿದ್ದರು. ಫ್ಲೈವೀಲಿನ ಮೇಲೆ ನೀಲಿ ಕಲೆಗಳು ಕಂಡರೆ ಅಲ್ಲಿ ಇದು ನಡೆದಿರಬಹುದು. ಅಲ್ಲಿನ ಬೀಡುಕಬ್ಬಿಣ ಗಡುಸಾಗಿರುತ್ತೆ. ಎಮರಿ ಕಾಗದದಲ್ಲಿ ಉಜ್ಜಿ ಕಲೆ ಅಳಿಸಿದರೆ ಬಣ್ಣ ಹೋಗುತ್ತೆ, ಗಡುಸು ಉಳಿಯುತ್ತೆ. ಆಮೇಲೆ ಸುತ್ತಲಿನ ಮೆದು ಭಾಗ ಸವೆದು ಕಲೆಯಿದ್ದ ಜಾಗವೇ ದಿಬ್ಬವಾಗುತ್ತೆ. ಸರಿಯಾಗಿ ಗ್ರೈಂಡ್ ಮಾಡಿಸಬೇಕು, ತಯಾರಕರ ಮಿತಿ ಮೀರುವಂತಿದ್ದರೆ ಫ್ಲೈವೀಲನ್ನೇ ಬದಲಾಯಿಸಬೇಕು.

ಕ್ಲಚ್ ಪೂರ್ತಿ ಹಿಡಿದ ಮೇಲೂ ನಡುಕ ಇದ್ದರೆ ಈ ಕಥೆಯೆಲ್ಲ ಅನ್ವಯಿಸದು. ಎಂಜಿನ್ ಮೌಂಟಿಂಗ್, ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್, ಪ್ಲೇಟಿನೊಳಗಿನ ಡ್ಯಾಂಪರ್ ಸ್ಪ್ರಿಂಗುಗಳತ್ತ ನೋಡಬೇಕು. ಅದಕ್ಕೇ ಈಗ ನಮ್ಮ ಜಾಬ್ ಕಾರ್ಡಿನಲ್ಲಿ ಬರೀ "ಕ್ಲಚ್ ನಡುಕ" ಎಂದು ಬರೆಯಲು ನಾನು ಬಿಡುವುದಿಲ್ಲ. ಯಾವ ಗೇರು, ಎಂಜಿನ್ ವೇಗ ಎಷ್ಟು, ತಣ್ಣಗಿದ್ದಾಗಲೋ ಕಾದ ಮೇಲೋ, ಜಾರುವಾಗಲೋ ಹಿಡಿದ ಮೇಲೋ ಎಂಬ ನಾಲ್ಕೂ ತುಂಬಿದ ಮೇಲೆಯೇ ಗೇರ್‌ಬಾಕ್ಸ್ ಇಳಿಸುವ ಮಾತು.