ಈ ಸೆಕೆಗೆ ನಿಮ್ಮ ಮನೆಯ ಸೂರ್ಯಕಾಂತಿ ಬಾಡುವುದಿಲ್ವಾ?

ಏಪ್ರಿಲ್ ಬಂತೆಂದರೆ ನಮ್ಮ ಮನೆಗೆ ಬಂದವರು ಚಾವಡಿಯಲ್ಲಿ ಕೂತು, ಬೆಲ್ಲ ನೀರು ಕುಡಿದು, ಎರಡನೇ ಮಾತಿಗೇ ಕೇಳುವುದು ಇದನ್ನು. "ನಾವು ತಂದಿಟ್ಟ ಸೂರ್ಯಕಾಂತಿ ಸಂಜೆಗೇ ತಲೆ ಜೋತು ಬೀಳ್ತದೆ. ನಿಮ್ಮದು ವಾರ ಆದ್ರೂ ಹಾಗೇ ಉಂಟಲ್ಲ, ನೀರಿಗೆ ಎಂತ ಹಾಕ್ತೀರಿ?"

ಏನೂ ಹಾಕುವುದಿಲ್ಲ. ಸಕ್ಕರೆ ಇಲ್ಲ, ಮಾತ್ರೆ ಇಲ್ಲ. ಬೆಳಿಗ್ಗೆ ಬಿಸಿಲು ಏರುವ ಮೊದಲು ಕೊಯ್ಯುತ್ತೇನೆ, ದಿನಾ ನೀರು ಬದಲಿಸುತ್ತೇನೆ. ಹೇಳಲಿಕ್ಕೆ ಇಷ್ಟೇ. ಆದರೆ ಇಷ್ಟನ್ನು ಕಲಿಯಲು ನನಗೆ ಎರಡು ಬೇಸಿಗೆ ಬೇಕಾಯಿತು.

ನಮ್ಮ ಮನೆ ಉಡುಪಿ ಹತ್ತಿರದ ಕಟಪಾಡಿಯಿಂದ ಶಂಕರಪುರಕ್ಕೆ ಹೋಗುವ ದಾರಿಯಲ್ಲಿದೆ. ಮಲ್ಲಿಗೆಯ ಊರು. ಇಲ್ಲಿ ಹೂವಿಗೆ ಲೆಕ್ಕವಿದೆ. 800 ಹೂ ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂ ಅಂದರೆ ಮುಡಿಯಲಿಕ್ಕೆ, ಇಲ್ಲವಾದರೆ ದೇವರಿಗೆ. ನಾನು ಮೊದಲ ಸಲ ಸೂರ್ಯಕಾಂತಿ ಬೀಜ ಹಾಕಿದಾಗ, ಮಲ್ಲಿಗೆ ಕೃಷಿ ಮಾಡುವ ಪಕ್ಕದ ಮನೆಯ ಅಕ್ಕ ಬೇಲಿಯಾಚೆಯಿಂದ, "ಮುಡಿಯಲಿಕ್ಕಾಗುವುದಿಲ್ಲ, ಕಟ್ಟಲಿಕ್ಕಾಗುವುದಿಲ್ಲ, ಇದು ಎಂತಕ್ಕೆ?" ಎಂದು ಕೇಳಿದ್ದರು.

ಬೀಜ ಕೊಟ್ಟದ್ದು ತಂಗಿ. ಅವಳನ್ನು ಗದಗದ ಕಡೆಗೆ ಕೊಟ್ಟಿದ್ದೇವೆ. ಅಲ್ಲಿ ಸೂರ್ಯಕಾಂತಿ ಅಂದರೆ ಎಕರೆಗಟ್ಟಲೆ ಹೊಲ, ಎಣ್ಣೆಕಾಳಿನ ಬೆಳೆ. ಎಣ್ಣೆಗಾಗಿ ಈ ಬೆಳೆ ನಮ್ಮ ದೇಶಕ್ಕೆ ಬಂದದ್ದು 1969ರಲ್ಲಿ, ಆಗಿನ ಸೋವಿಯತ್ ಒಕ್ಕೂಟದಿಂದ. ನಮ್ಮ ಕರಾವಳಿಯ ಮಳೆಗೆ ಅದು ಹೊಂದುವುದಿಲ್ಲ. ನಮಗಿರುವುದು ಮಕರ ಸಂಕ್ರಾಂತಿಯಿಂದ ಮೇ ತಿಂಗಳ ಗುಡುಗಿನವರೆಗಿನ ಸಮಯ. ಫೆಬ್ರವರಿ ಮೊದಲ ವಾರ ಬೀಜ ಹಾಕಿದರೆ ಅರವತ್ತು, ಅರವತ್ತೈದು ದಿನಕ್ಕೆ ಹೂ. ತುಳುವರ ಹೊಸ ವರ್ಷದ ಹಬ್ಬ ಬಿಸುವಿಗೆ ಸರಿಯಾಗಿ ಸಿಗುತ್ತದೆ. ನಾನು ಹದಿನೈದು ದಿನಕ್ಕೊಮ್ಮೆ ಒಂದು ಸಾಲು ಹಾಕುತ್ತೇನೆ, ಹೂ ಒಟ್ಟಿಗೇ ಬಂದು ಒಟ್ಟಿಗೇ ಮುಗಿಯಬಾರದಲ್ಲ. ಮುರಕಲ್ಲಿನ ಕೆಂಪು ಮಣ್ಣಿಗೆ ಸುಡುಮಣ್ಣು, ಹಟ್ಟಿಗೊಬ್ಬರ ಕೊಡಬೇಕು. ಬೀಜವನ್ನು ನೇರ ನೆಲಕ್ಕೇ ಹಾಕಿ. ಕಿತ್ತು ನೆಟ್ಟರೆ ಬೇರಿಗೆ ಆಗುವುದಿಲ್ಲ. ಮೊಳಕೆ ಬರುವವರೆಗೆ ಒಂದೊಂದಕ್ಕೂ ಗೆರಟೆ ಕವುಚಿ ಇಟ್ಟರೆ ಅಳಿಲಿನ ಕಾಟ ಇಲ್ಲ. ಮೊಳಕೆ ಕಂಡ ದಿನವೇ ಗೆರಟೆ ತೆಗೆಯಬೇಕು, ಮರೆಯಬೇಡಿ.

ಮನೆಯೊಳಗೆ ಇಡಲು ಅಂತ ಬೆಳೆಸುವವರು ಒತ್ತಾಗಿ ಹಾಕಬೇಕು, ಗಿಡದಿಂದ ಗಿಡಕ್ಕೆ ಒಂದು ಗೇಣು ಸಾಕು. ಹೂ ಅಂಗೈಯಗಲ ಆಗುತ್ತದೆ, ದಂಟು ಸಪೂರ ಇರುತ್ತದೆ. ದೂರ ದೂರ ಹಾಕಿದರೆ ಊಟದ ತಟ್ಟೆಯಷ್ಟು ದೊಡ್ಡ ಹೂ ಬರುತ್ತದೆ. ನೋಡಲು ಚೆಂದ, ಆದರೆ ಯಾವ ಪಾತ್ರೆಯಲ್ಲೂ ನಿಲ್ಲುವುದಿಲ್ಲ.

ನಮ್ಮ ಮನೆಯ ಬಾಗಿಲು ಪೂರ್ವಕ್ಕೆ. ಅಂಗಳ ದಾಟಿದರೆ ಕಂಪೌಂಡ್, ಅದರಾಚೆ ರಸ್ತೆ. ಮೊದಲ ವರ್ಷ ಚಾವಡಿಯಲ್ಲಿ ಕೂತು ನೋಡಬಹುದು ಅಂತ ಕಂಪೌಂಡಿನ ಒಳಬದಿಗೇ ಸಾಲಾಗಿ ಹಾಕಿದೆ. ಎಳೆ ಗಿಡ ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ತಿರುಗುವುದನ್ನು ಮಕ್ಕಳಿಗೆ ತೋರಿಸಿದ್ದೇ ತೋರಿಸಿದ್ದು. ಹೂ ಅರಳಿದ ಮೇಲೆ ತಿರುಗುವುದು ನಿಂತಿತು. ಎಲ್ಲ ಹೂಗಳೂ ಪೂರ್ವಕ್ಕೆ ಮುಖ ಮಾಡಿ ನಿಂತವು. ರಸ್ತೆಯಲ್ಲಿ ಹೋಗುವವರಿಗೆಲ್ಲ ಹಳದಿ ಮುಖ, ನಮಗೆ ಬರೀ ಹಸಿರು ಬೆನ್ನು!

ಇದಕ್ಕೆ ಕಾರಣ ಆಮೇಲೆ ಓದಿದೆ. ಹಗಲು ದಂಟಿನ ಪೂರ್ವದ ಬದಿ ಜಾಸ್ತಿ ಬೆಳೆಯುತ್ತದೆ, ಹಾಗಾಗಿ ತಲೆ ಪಶ್ಚಿಮಕ್ಕೆ ವಾಲುತ್ತದೆ. ರಾತ್ರಿ ಪಶ್ಚಿಮದ ಬದಿ ಬೆಳೆದು ತಲೆ ಮರಳಿ ಪೂರ್ವಕ್ಕೆ ಬರುತ್ತದೆ. ಬೆಳವಣಿಗೆ ಮುಗಿದಾಗ ಪೂರ್ವದಲ್ಲೇ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು 2016ರಲ್ಲಿ ಇದನ್ನು ತೋರಿಸಿದರು. ಪೂರ್ವಕ್ಕೆ ನಿಂತ ಹೂ ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾಗುತ್ತದೆ, ಅದಕ್ಕೆ ಜೇನುನೊಣ ಜಾಸ್ತಿ ಬರುತ್ತದೆ ಎಂಬುದನ್ನೂ ಅವರೇ ಕಂಡುಕೊಂಡರು. ನಿಮಗೆ ಮನೆಯಿಂದ ಹೂವಿನ ಮುಖ ಕಾಣಬೇಕಾದರೆ ಗಿಡ ಮನೆಯ ಪಶ್ಚಿಮಕ್ಕಿರಲಿ. ನಮ್ಮಲ್ಲಿ ಪಶ್ಚಿಮಕ್ಕೆ ತೆಂಗಿನ ಮರಗಳ ನೆರಳು. ಹಾಗಾಗಿ ಹೂವನ್ನೇ ಒಳಗೆ ತರುವುದು ಅಂತಾಯಿತು.

ತಂದ ಮೊದಲ ಸಲವೇ ತಪ್ಪಿತು. ಬಿಸುವಿನ ಹಿಂದಿನ ದಿನ. ಮಧ್ಯಾಹ್ನ ಊಟ ಮುಗಿಸಿ, ಎರಡು ಗಂಟೆಯ ಬಿಸಿಲಲ್ಲಿ ಐದು ಹೂ ಕೊಯ್ದು ತಂದೆ. ರಾತ್ರಿ ಅತ್ತೆಯ ಜೊತೆ ಕಣಿ ಇಟ್ಟೆ, ಬಿಸುವಿನ ದಿನ ಎದ್ದ ಕೂಡಲೇ ಮೊದಲು ನೋಡುವ ಶುಭವಸ್ತುಗಳು. ಸೌತೆಕಾಯಿ, ತೆಂಗಿನಕಾಯಿ, ಗೇರುಹಣ್ಣು, ಕನ್ನಡಿ, ಚಿನ್ನದ ಸರ, ಪಕ್ಕದಲ್ಲಿ ಸೂರ್ಯಕಾಂತಿ. ಬೆಳಗಿನ ಜಾವ ಕಣ್ಣುಮುಚ್ಚಿಕೊಂಡೇ ಬಂದು ಕಣಿಯ ಮುಂದೆ ಕಣ್ಣು ತೆರೆದೆ. ದೀಪದ ಬೆಳಕಲ್ಲಿ ಐದೂ ಹೂ ನೆಲ ನೋಡುತ್ತಿದ್ದವು. ಅತ್ತೆ ಬೈಯಲಿಲ್ಲ. ಸುಮ್ನೆ ಅವನ್ನೆತ್ತಿ ಬದಿಗಿಟ್ಟು, ಅಂಗಳದಿಂದ ಕೇಪಳದ ಗೊಂಚಲು ತಂದಿಟ್ಟರು. ನನಗೆ ಅಳುವೇ ಬಂದಿತ್ತು.

ದಾರಿ ತೋರಿಸಿದ್ದು ಅದೇ ಪಕ್ಕದ ಮನೆಯ ಅಕ್ಕ. "ಮಧ್ಯಾಹ್ನ ಕೊಯ್ದ್ರೆ ಹೂವಿನಲ್ಲಿ ನೀರೆಲ್ಲಿರ್ತದೆ? ನಾವು ಮಲ್ಲಿಗೆಯನ್ನು ಬೆಳಿಗ್ಗೆಯೇ ಕೊಯ್ಯುವುದು ಸುಮ್ನೆಯಾ?" ಅಂದರು. ಅವರು ಹೇಳಿದ್ದು ಸರಿ. ಬಿಸಿಲಲ್ಲಿ ಎಲೆಯಿಂದ ಹೋಗುವಷ್ಟು ನೀರನ್ನು ಬೇರಿಗೆ ಎಳೆದು ಕೊಡಲಾಗುವುದಿಲ್ಲ. ರಾತ್ರಿಯಿಡೀ ಗಿಡ ನೀರು ತುಂಬಿಕೊಂಡಿರುತ್ತದೆ, ಬೆಳಿಗ್ಗೆ ದಂಟು ಗಟ್ಟಿಯಾಗಿರುತ್ತದೆ.

ಈಗ ನಾನು ಆರೂವರೆಗೆ ಅರ್ಧ ಬಕೆಟ್ ಬಾವಿ ನೀರು ಹಿಡಿದುಕೊಂಡೇ ಗಿಡದ ಹತ್ತಿರ ಹೋಗುತ್ತೇನೆ. ಪೂರ್ತಿ ಅರಳಿದ್ದನ್ನು ಮುಟ್ಟುವುದಿಲ್ಲ. ಅದು ಮೂರು ದಿನವೂ ಬರುವುದಿಲ್ಲ. ಹಳದಿ ಎಸಳು ನಡುವಿನ ಚಕ್ರದಿಂದ ಎದ್ದು ಬಿಡಿಸಿಕೊಳ್ಳುತ್ತಿರುತ್ತದಲ್ಲ, ಆ ಹಂತದ ಹೂ ಬೇಕು. ಹರಿತ ಕತ್ತಿಯಲ್ಲಿ ಓರೆಯಾಗಿ ಕೊಯ್ದು ಕೂಡಲೇ ಬಕೆಟಿಗೆ. ತುದಿಯ ಎರಡು ಎಲೆ ಬಿಟ್ಟು ಉಳಿದವನ್ನೆಲ್ಲ ತೆಗೆಯಬೇಕು, ನೀರಲ್ಲಿ ಮುಳುಗಿದ ಎಲೆ ಒಂದೇ ದಿನಕ್ಕೆ ಕೊಳೆಯುತ್ತದೆ. ಬಕೆಟನ್ನು ಎರಡು ಮೂರು ಗಂಟೆ ಬಚ್ಚಲ ತಂಪಲ್ಲಿಟ್ಟು, ಆಮೇಲೆ ಪಾತ್ರೆಗೆ.

ಸೂರ್ಯಕಾಂತಿ ಕುಡಿಯುವ ನೀರು ನೋಡಿದರೆ ಆಶ್ಚರ್ಯವಾಗುತ್ತದೆ. ಬೆಳಿಗ್ಗೆ ತುಂಬಿಸಿದ್ದು ಸಂಜೆಗೆ ಎರಡು ಬೆರಳು ಇಳಿದಿರುತ್ತದೆ. ದಂಟಿನ ಮೇಲೆಲ್ಲ ಒರಟು ರೋಮ ಇರುವುದರಿಂದ ಮಣ್ಣು, ಕೊಳೆ ನೀರಿಗೆ ಸೇರುತ್ತದೆ. ಈ ಸೆಕೆಗೆ ಮರುದಿನವೇ ನೀರು ಲೋಳೆಯಾಗುತ್ತದೆ, ಆ ಲೋಳೆ ದಂಟಿನ ತುದಿ ಕಟ್ಟಿಹಾಕುತ್ತದೆ. ಪಾತ್ರೆಯಲ್ಲಿ ನೀರಿದ್ದರೂ ಹೂವಿಗೆ ಸಿಗುವುದಿಲ್ಲ. ಅದಕ್ಕೇ ದಿನಾ ನೀರು ಚೆಲ್ಲಿ, ಪಾತ್ರೆ ಸೋಪು ಹಾಕಿ ತೊಳೆದು, ದಂಟಿನ ತುದಿ ಅರ್ಧ ಇಂಚು ಕತ್ತರಿಸುತ್ತೇನೆ. ಐದು ನಿಮಿಷದ ಕೆಲಸ. ಇದೊಂದನ್ನು ಮಾಡದಿದ್ದರೆ ಬೇರೆ ಏನು ಮಾಡಿಯೂ ಪ್ರಯೋಜನವಿಲ್ಲ.

ಈಗಾಗಲೇ ತಲೆ ಜೋತುಬಿದ್ದ ಹೂ ಇದ್ದರೆ ಎಸೆಯಬೇಡಿ. ತುದಿ ಕತ್ತರಿಸಿ, ತಲೆ ನೆಟ್ಟಗೆ ನಿಲ್ಲುವ ಹಾಗೆ ಪೇಪರಿನಲ್ಲಿ ಬಿಗಿಯಾಗಿ ಸುತ್ತಿ, ಕುತ್ತಿಗೆಯವರೆಗೆ ನೀರಲ್ಲಿಡಿ. ನಾಲ್ಕು ಗಂಟೆ ಬಿಟ್ಟು ನೋಡಿದರೆ ಅರ್ಧಕ್ಕರ್ಧ ಎದ್ದಿರುತ್ತವೆ. ಏಳದಿದ್ದದ್ದನ್ನು ತಲೆಯ ಬುಡಕ್ಕೇ ಕತ್ತರಿಸಿ ಉರುಳಿಯ ನೀರಲ್ಲಿ ತೇಲಿಬಿಟ್ಟು ಬಾಗಿಲ ಬಳಿ ಇಡುತ್ತೇನೆ. ಎರಡು ದಿನ ಚೆಂದ.

ಹೂದಾನಿ ನಾನು ಕೊಂಡಿಲ್ಲ. ಉಪ್ಪಿನಕಾಯಿಯ ಹಳೇ ಭರಣಿ, ಬಾಯಿ ಸ್ವಲ್ಪ ಒಡೆದದ್ದು, ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಭಾರ ಇರುವುದರಿಂದ ಹೂವಿನ ತೂಕಕ್ಕೆ ಮಗುಚುವುದಿಲ್ಲ. ಒಳ್ಳೆಯ ಭರಣಿಗಳಿಗೆ ಆ ಹೊತ್ತಿಗೆ ಮಾವಿನ ಮಿಡಿ ಬಂದಿರುತ್ತದೆ, ಅವನ್ನು ಕೇಳಲಿಕ್ಕಿಲ್ಲ! ಒಂದು ಭರಣಿಗೆ ಮೂರು ಹೂ ಸಾಕು. ಜೊತೆಗೆ ಕ್ರೋಟನ್ ಎಲೆ. ಹಿಂಗಾರ, ಅಂದರೆ ಅಡಿಕೆಯ ಹೂಗೊಂಚಲು, ಸೇರಿಸಿದರೆ ಚೆಂದ ಅಂತ ಯಾರೋ ಹೇಳಿದ್ದರು. ಹಿಂಗಾರ ನಾಗನಿಗೆ, ದೈವಕ್ಕೆ. ಅಲಂಕಾರಕ್ಕೆ ಅದನ್ನು ಕೊಯ್ಯಲು ನನಗೆ ಮನಸ್ಸು ಬರುವುದಿಲ್ಲ.

ಚಾವಡಿಯ ಮಾಡಿನಲ್ಲಿ ಒಂದು ಗಾಜಿನ ಹಂಚಿದೆ. ಹತ್ತು ಗಂಟೆಗೆ ಅದರಿಂದ ಇಳಿಯುವ ಬಿಸಿಲಿನ ತುಂಡು ಕೆಂಪು ನೆಲದ ಮೇಲೆ ನಿಧಾನ ಸರಿಯುತ್ತದೆ. ಭರಣಿಯನ್ನು ಅದರ ದಾರಿಯಿಂದ ಒಂದು ಮೊಳ ಆಚೆಗಿಡುತ್ತೇನೆ. ಬಿಸಿಲು ಹೂವಿಗೆ ತಾಗಬಾರದು, ಬೆಳಕು ಮಾತ್ರ ಬೀಳಬೇಕು. ಹತ್ತಿರ ಕೂತು ನೋಡಿ. ನಡುವಿನ ಚಕ್ರದಲ್ಲಿರುವ ಒಂದೊಂದು ಚುಕ್ಕಿಯೂ ಒಂದು ಹೂ. ಹೊರಗಿನ ಸುತ್ತು ಮೊದಲು ಅರಳುತ್ತದೆ, ಆಮೇಲೆ ಅದರೊಳಗಿನ ಸುತ್ತು, ಹೀಗೆ ದಿನದಿನಕ್ಕೂ ಒಳಗೊಳಗೆ. ಮಗಳು ಶಾಲೆಗೆ ಹೊರಡುವ ಮೊದಲು ಎಷ್ಟು ಸುತ್ತು ಆಯಿತೆಂದು ಬಗ್ಗಿ ನೋಡುತ್ತಿದ್ದಳು. ಒಂದೆರಡು ಸಲ ತುಡುವೆ ಜೇನು ಒಳಗೇ ಬಂದು ಕೂತದ್ದೂ ಉಂಟು.

ಹಳದಿ ಪುಡಿ ಉದುರುತ್ತದೆ ಅನ್ನುವವರಿಗೆ, ಪರಾಗ ಇಲ್ಲದ ತಳಿಯ ಬೀಜ ಅಂಗಡಿಯಲ್ಲಿ ಸಿಗುತ್ತದೆ. ನಾನು ಒಂದು ಸಾಲು ಮಾತ್ರ ಅದನ್ನು ಹಾಕುತ್ತೇನೆ. ಉಳಿದದ್ದೆಲ್ಲ ತಂಗಿ ಕೊಟ್ಟದ್ದೇ, ಜೇನಿಗೂ ಗಿಳಿಗಳಿಗೂ ಬೇಕಲ್ವಾ? ಪುಡಿ ಬಿದ್ದ ಬಟ್ಟೆಯನ್ನು ಒದ್ದೆ ಕೈಯಲ್ಲಿ ಒರೆಸಬೇಡಿ, ಕೊಡವಿ.

ಮೇ ತಿಂಗಳ ಕೊನೆಗೆ ಮೋಡ ಕಟ್ಟಿ ಗುಡುಗು ಶುರುವಾದರೆ ಹೊತ್ತು ನೋಡುವುದಿಲ್ಲ, ಇದ್ದ ಹೂವನ್ನೆಲ್ಲ ಕೊಯ್ಯುತ್ತೇನೆ. ಒಂದು ಮಳೆ ಬಿದ್ದರೆ ಚಕ್ರದೊಳಗೆ ನೀರು ನಿಂತು ಕೊಳೆಯುತ್ತದೆ. ಬೀಜ ಬಲಿತದ್ದನ್ನು ಅಡಿಗೆಮನೆಯ ಪಕ್ಕಾಸಿಗೆ ತಲೆಕೆಳಗಾಗಿ ಕಟ್ಟುತ್ತೇನೆ, ಅದು ಮುಂದಿನ ಫೆಬ್ರವರಿಗೆ. ಅರಳಿದ್ದನ್ನು ಬಕೆಟಿನಲ್ಲೇ ಚಾವಡಿಯಲ್ಲಿಟ್ಟು, ಬಂದವರಿಗೆಲ್ಲ ಒಂದೊಂದು ಕೊಡುತ್ತೇನೆ. ಕಳೆದ ಬೇಸಿಗೆಯಲ್ಲಿ ಪಕ್ಕದ ಮನೆಯ ಅಕ್ಕ ತಾವೇ ಬಂದು ನಾಲ್ಕು ಕೇಳಿ ತೆಗೆದುಕೊಂಡು ಹೋದರು. ಮರುದಿನ ಬೇಲಿಯಾಚೆಯಿಂದ ಕೂಗಿ ಹೇಳಿದರು, "ನೀರು ಬದಲಿಸಿದೆ, ಆಯ್ತಾ!"